ಹೆಸರು ಬರೆಯದ ಬಾಯಿ

ನಲವತ್ತು ಸಾವಿರ ಜನ ನನ್ನನ್ನು ಮೆಟ್ಟಿಲಿನಿಂದ ಕೆಳಗೆ ಉರುಳಿಸಬೇಕೆಂದು ಕೇಳಿಕೊಂಡಿದ್ದಾರೆ. ಕಾಲು ಮುರಿದರೆ ಸಾಲದು, ಬಾಯಿಯೂ ಬಿದ್ದುಹೋಗಬೇಕು ಎಂದವರೂ ಇದ್ದಾರೆ. ಹಾಸ್ಟೆಲಿನ ಹುಡುಗಿಯರು, ಬಟ್ಟೆ ಅಂಗಡಿಯಲ್ಲಿ ನಿಂತು ನಿಂತು ಕಾಲು ಬಾತವರು, ಹೊಸದಾಗಿ ಮದುವೆಯಾಗಿ ಗಂಡನ ಮನೆಯ ಬಚ್ಚಲಲ್ಲಿ ಕೂತು ಫೋನು ನೋಡುವವರು. ಇವರಲ್ಲಿ ಒಬ್ಬರೂ ನನ್ನ ಮುಖ ಕಂಡವರಲ್ಲ. ಅವರು ಬೈಯುವುದು ಫೋನಿನಲ್ಲಿ ದಿನಕ್ಕೊಂದು ಕಂತು ಬರುವ ಒಂದು ಕಥೆಯ ನಾದಿನಿಯನ್ನು. ಆ ಕಥೆ ಬರೆಯುವವಳು ನಾನು, ಆ ನಾದಿನಿಯೂ ನಾನೇ. ಹೇಗೆಂದು ಹೇಳುತ್ತೇನೆ. ಹೇಳುವಾಗ ನಡುನಡುವೆ ಅತ್ತಿಗೆಯನ್ನು ಬೈಯುತ್ತೇನೆ, ಅದು ಎಂಟು ವರ್ಷದ ಅಭ್ಯಾಸ.

ನಮ್ಮದು ಹಲ್ಲಿನ ಸೆಟ್ಟು ಮಾಡುವ ಅಂಗಡಿ. ಅಂಗಡಿ ಎಂದರೆ ಬೀದಿಗೆ ಬಾಗಿಲಿರುವ ಎರಡು ಕೋಣೆ, ಅದರ ಮೇಲಿನ ಎರಡು ಕೋಣೆ ಮನೆ. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅಚ್ಚಿಗೆ ಪ್ಲಾಸ್ಟರು ಹೊಯ್ದರೆ ಬಿಳಿಯದೊಂದು ಬಾಯಿ ಎದ್ದು ಬರುತ್ತದೆ. ನಾವು ಅದನ್ನು ಬಾಯಿ ಎಂದೇ ಕರೆಯುವುದು. ಬಾಯಿಯ ಮೇಲೆ ಮೇಣ, ಮೇಣದಲ್ಲಿ ಹಲ್ಲು, ಆಮೇಲೆ ಹಿತ್ತಾಳೆಯ ಡಬ್ಬಿಯೊಳಗಿಟ್ಟು ಮೇಣ ಕರಗಿಸಿ, ಆ ಜಾಗಕ್ಕೆ ಗುಲಾಬಿ ಬಣ್ಣದ ಹಿಟ್ಟು ತುಂಬಿ ಕುದಿಸುವುದು. ಅಣ್ಣ ಸ್ಕೂಟರಿನಲ್ಲಿ ಡಾಕ್ಟರುಗಳ ಬಾಗಿಲು ತಿರುಗಿ ಅಚ್ಚು ತರುತ್ತಾನೆ, ಸೆಟ್ಟು ಮುಟ್ಟಿಸುತ್ತಾನೆ. ಅತ್ತಿಗೆ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಹಲ್ಲು ಕೂರಿಸುತ್ತಾಳೆ. ನಾನು ಪ್ಲಾಸ್ಟರು ಹೊಯ್ಯುತ್ತೇನೆ, ಕುದಿಸುತ್ತೇನೆ, ಉಜ್ಜಿ ಹೊಳಪು ಕೊಡುತ್ತೇನೆ. ಹಲ್ಲು ಕೂರಿಸುವ ಮೇಜಿನ ಹತ್ತಿರ ಅವಳು ನನ್ನನ್ನು ಒಂದು ದಿನವೂ ಬಿಟ್ಟುಕೊಂಡಿಲ್ಲ. ಕೈ ಭಾರ ಎನ್ನುತ್ತಾಳೆ. ಬಾಯಿಯೂ ಭಾರ ಎಂದು ಅಣ್ಣನ ಹತ್ತಿರ ಹೇಳಿದ್ದೂ ನನಗೆ ಗೊತ್ತು.

ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ನಿಯಮವಿದೆ. ಪ್ರತಿ ಬಾಯಿಯ ತಳದಲ್ಲಿ ಪೆನ್ಸಿಲಿನಿಂದ ರೋಗಿಯ ಹೆಸರು, ತಾರೀಕು, ಕಳಿಸಿದ ಡಾಕ್ಟರ ಹೆಸರು ಬರೆಯಬೇಕು. ಸೆಟ್ಟು ಮುರಿದು ವಾಪಸ್ಸು ಬಂದರೆ ಬೇಕಾಗುತ್ತದೆಂದು ಬಾಯಿಯನ್ನು ಎರಡು ವರ್ಷ ಕಪಾಟಿನಲ್ಲಿ ಇಡುತ್ತೇವೆ. ಎರಡು ವರ್ಷ ದಾಟಿದ್ದನ್ನೂ ತಳದಲ್ಲಿ ಹೆಸರಿಲ್ಲದ್ದನ್ನೂ ವರ್ಷಕ್ಕೊಮ್ಮೆ ಗೋಣಿಗೆ ತುಂಬಿ ಆಚೆ ಹಾಕುತ್ತೇವೆ. ಆ ಕಪಾಟಿನ ಮೇಲಿನ ಸಾಲಿನಲ್ಲಿ ಅಮ್ಮನ ಬಾಯಿ ಇತ್ತು.

ಅಮ್ಮನಿಗೆ ಕೆಳಗಿನ ಎರಡು ದವಡೆಹಲ್ಲು ಹೋಗಿದ್ದವು. ಅಣ್ಣ ಕೈಯಾರೆ ಮಾಡಿದ ಮೊದಲ ಸೆಟ್ಟು ಅವಳದು. ಬಲಗಡೆಯ ಕೋರೆಹಲ್ಲು ಸ್ವಲ್ಪ ಹೊರಕ್ಕೆ ಚಾಚಿತ್ತು, ನನ್ನದರ ಹಾಗೆ. ಅದಕ್ಕೇ ಫೋಟೋದಲ್ಲೆಲ್ಲ ಅಮ್ಮ ಬಾಯಿ ಮುಚ್ಚಿಕೊಂಡಿದ್ದಾಳೆ. ಅವಳು ಹೋದ ಮೇಲೆ ನಾನು ಸ್ಟೂಲು ಹತ್ತಿ ಆ ಬಾಯಿಯನ್ನು ಇಳಿಸಿ ಆ ಹಲ್ಲಿನ ಮೇಲೆ ಬೆರಳಾಡಿಸುತ್ತಿದ್ದೆ. ಹತ್ತು ತಿಂಗಳಿಗೆ ಅಣ್ಣನ ಮದುವೆಯಾಯಿತು. ಬಂದ ಇಪ್ಪತ್ತನೆಯ ದಿನ ಅತ್ತಿಗೆ ಕಪಾಟು ಚೊಕ್ಕಟ ಮಾಡಿದಳು. ನಾನು ಶಾಲೆಯಿಂದ ಬಂದಾಗ ಮೇಲಿನ ಸಾಲು ಖಾಲಿ. ಎಲ್ಲಿ ಎಂದು ಕೇಳಿದೆ. ಹಳೆಯದೆಲ್ಲ ಬಿಸಾಕಿದೆ ಎಂದಳು. ನನಗೆ ಆಗ ಹದಿನಾಲ್ಕು. ಅವತ್ತಿನಿಂದ ನಾವಿಬ್ಬರು ಹಾವು ಮುಂಗುಸಿ.

ಎಂಟು ವರ್ಷದ ಜಗಳವನ್ನು ಒಂದೊಂದಾಗಿ ಬಿಡಿಸಿದರೆ ನಿಮಗೂ ಬೇಸರ, ನನಗೂ ನಾಚಿಕೆ. ನನ್ನ ಟವೆಲನ್ನು ಅವಳು ನೆಲ ಒರೆಸಲು ತೆಗೆದುಕೊಂಡದ್ದು, ಅವಳ ಮೇಣದ ಚಾಕುವಿನಿಂದ ನಾನು ಪೆನ್ಸಿಲು ಕೆತ್ತಿದ್ದು, ಅವಳು ಮಾಡಿದ ಸಾರನ್ನು ನಾನು ಮೂಸಿ ನೋಡಿ ಪಕ್ಕಕ್ಕಿಟ್ಟದ್ದು, ಇಂಥವೇ. ಒಂದು ಸಲ ಒಂದು ತಿಂಗಳು ನಾವು ಗೋಡೆಯ ಜೊತೆ ಮಾತಾಡಿದೆವು. ‘ಪ್ಲಾಸ್ಟರು ಮುಗಿದಿದೆ’ ಎಂದು ನಾನು ಗೋಡೆಗೆ ಹೇಳಿದರೆ, ‘ಕಣ್ಣಿದ್ದವರು ತರಬಹುದು’ ಎಂದು ಅವಳು ಕಿಟಕಿಗೆ ಹೇಳುವಳು. ಅಣ್ಣನದು ಅತ್ತ ದರಿ ಇತ್ತ ಪುಲಿ. ಹೆಲ್ಮೆಟ್ ಹಾಕಿಕೊಂಡು ಹೊರಟುಬಿಡುತ್ತಿದ್ದ.

ಬರೆಯಲು ಶುರು ಮಾಡಿದ್ದು ಕುದಿಸುವ ಹೊತ್ತಿನಲ್ಲಿ. ಡಬ್ಬಿ ನೀರಿನಲ್ಲಿ ಒಂದೂವರೆ ಗಂಟೆ ಸಣ್ಣ ಉರಿಯಲ್ಲಿ ಕುದಿಯಬೇಕು, ಪಾತ್ರೆಯ ಪಕ್ಕದಿಂದ ಏಳುವಂತಿಲ್ಲ. ಉರಿ ಜೋರಾದರೆ ಸೆಟ್ಟಿನೊಳಗೆ ಗುಳ್ಳೆ ಏಳುತ್ತದೆ, ಮಾಡಿದ್ದೆಲ್ಲ ಹಾಳು. ಆ ಹೊತ್ತಿನಲ್ಲಿ ನಾನು ಫೋನಿನಲ್ಲಿ ಕಥೆ ಓದುತ್ತಿದ್ದೆ. ನನ್ನ ವಯಸ್ಸಿನವರು, ನನಗಿಂತ ಚಿಕ್ಕವರು ಬರೆಯುವ ಕಂತಿನ ಕಥೆಗಳು. ಒಂದು ಕಂತು ಒಂದು ಲೋಟ ಚಹಾ ಮುಗಿಯುವಷ್ಟು ಉದ್ದ. ಓದಿ ಓದಿ, ಇಷ್ಟನ್ನು ನಾನೂ ಬರೆದೇನು ಅನ್ನಿಸಿತು. ಬಲಗೈಗೆ ಪ್ಲಾಸ್ಟರು ಅಂಟಿರುತ್ತದೆ, ಎಡಗೈ ಹೆಬ್ಬೆರಳೊಂದರಲ್ಲೇ ಬರೆದೆ. ‘ಮೌನಿ’ ಎಂದು ಹೆಸರಿಟ್ಟುಕೊಂಡೆ. ಕಥೆಗೆ ‘ಹೊಸ್ತಿಲ ಹಾವು’ ಎಂದು. ಅದರಲ್ಲಿ ಒಬ್ಬ ತಾಯಿಯಿಲ್ಲದ ಹುಡುಗಿ, ಅವಳನ್ನು ಹುರಿದು ಮುಕ್ಕುವ ಒಬ್ಬ ಅತ್ತಿಗೆ.

ಐದು ಕಂತಿಗೆ ಅರವತ್ತೆರಡು ಜನ ಓದಿದರು. ಒಬ್ಬಳು ಕೆಳಗೆ ಬರೆದಳು: ನಾದಿನಿಯ ಗೋಳು ಯಾರಿಗೆ ಬೇಕು, ನಮ್ಮನೆ ನಾದಿನಿಯನ್ನು ಬಂದು ನೋಡಿ. ಅದಕ್ಕೆ ನೂರ ಹತ್ತು ಮೆಚ್ಚುಗೆ. ಓದಿದವರೇ ಅರವತ್ತೆರಡು, ಮೆಚ್ಚಿದವರು ನೂರ ಹತ್ತು. ನನಗೆ ಉರಿಯಿತು, ಆದರೆ ಬುದ್ಧಿಯೂ ಬಂತು. ಐದೂ ಕಂತು ಅಳಿಸಿ ಕಥೆಯನ್ನು ತಿರುವಿ ಹಾಕಿದೆ. ಗೋಳಾಡುವವಳು ಸೊಸೆ, ಗೋಳಾಡಿಸುವವಳು ನಾದಿನಿ. ಅಂಗಡಿ ಹೋಗಿ ಬಂಗಲೆ ಬಂತು. ಬರೆಯುವ ಪದ್ಧತಿ ಮಾತ್ರ ಬದಲಾಗಲಿಲ್ಲ. ಮನೆಯಲ್ಲಿ ಅತ್ತಿಗೆ ಏನು ಮಾಡಿದಳೋ ಅದನ್ನು ಇದ್ದಹಾಗೆ ಹಸಿಹಸಿಯಾಗಿ ನನಗೇ ಸಂದೇಶ ಕಳಿಸಿಕೊಳ್ಳುವುದು, ಆಮೇಲೆ ಕೂತು ಅತ್ತಿಗೆ ಇದ್ದ ಕಡೆ ನಾದಿನಿ, ನಾನು ಇದ್ದ ಕಡೆ ಸೊಸೆ ಎಂದು ತಿದ್ದಿ, ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ಹಾಕುವುದು. ಎರಡು ಗಂಟೆ ಏಕೆಂದರೆ ಆಗ ಎಲ್ಲರಿಗೂ ಊಟದ ಬಿಡುವು. ಒಂಬತ್ತನೆಯ ಕಂತಿನಲ್ಲಿ ನಾದಿನಿ ಆ ಸೊಸೆಯ ಸತ್ತ ತಾಯಿಯ ಒಂದೇ ಒಂದು ಫೋಟೋವನ್ನು ಒಲೆಗೆ ಹಾಕಿದಳು. ಅವತ್ತು ಓದುಗರು ಸಾವಿರ ದಾಟಿದರು.

ಅವತ್ತೇ ‘ಸಹನಾಮೂರ್ತಿ’ ಎಂಬ ಹೆಸರಿನವಳೊಬ್ಬಳು ಮೊದಲ ಸಲ ಕೆಳಗೆ ಬರೆದದ್ದು. ಈ ಕಂತು ಓದಿ ತನಗೆ ಬೇರೆಯದೇ ಒಂದು ನೆನಪಾಯಿತು, ಹೇಳುವ ಧೈರ್ಯವಿಲ್ಲ ಎಂದಿದ್ದಳು. ಆಮೇಲೆ ದಿನವೂ ಬರೆಯತೊಡಗಿದಳು. ತನ್ನ ನಾದಿನಿಯೂ ಥೇಟ್ ಹೀಗೇ. ಸಾರು ಮೂಸಿ ನೋಡಿ ಪಕ್ಕಕ್ಕಿಡುತ್ತಾಳೆ. ಚಹಾ ಕುಡಿದ ಲೋಟ ತೊಳೆಯದೆ ಮೆಟ್ಟಿಲ ಮೇಲೆ ಬಿಟ್ಟು ಹೋಗುತ್ತಾಳೆ, ಅದರ ತುಂಬ ಬಿಳಿ ಬೆರಳಚ್ಚು.

ಓದುತ್ತಿದ್ದವಳು ತಿರುಗಿ ನೋಡಿದೆ. ಮೆಟ್ಟಿಲ ಮೇಲೆ ನನ್ನ ಲೋಟ ಇತ್ತು, ಐದು ಬೆರಳೂ ಎಣಿಸುವ ಹಾಗೆ ಪ್ಲಾಸ್ಟರು ಮೆತ್ತಿಕೊಂಡು.

ಸಹನಾಮೂರ್ತಿ ಬೇರೆ ಯಾರೂ ಅಲ್ಲ, ನಮ್ಮ ಅತ್ತಿಗೆ. ನನಗೆ ನಗು ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕು ತಾನೇ. ಈ ಮಹಾತಾಯಿ ತನ್ನ ಹೆಗಲು ಬಿಟ್ಟು ನನ್ನ ಹೆಗಲು ಮುಟ್ಟಿ ನೋಡುತ್ತಿದ್ದಳು. ಎಂಟು ವರ್ಷ ತಾನು ಮಾಡಿದ್ದನ್ನೆಲ್ಲ ಸಾಲಾಗಿ ಓದಿದರೂ ತನ್ನದೆಂದು ಅವಳಿಗೆ ಹೊಳೆಯಲಿಲ್ಲ. ಇನ್ನು ಅವಳು ತೋಡಿಕೊಂಡ ಸಂಕಟಗಳು ನಾನು ಮಾಡಿದವು, ಅವುಗಳಲ್ಲಿ ಎಷ್ಟನ್ನೋ ನಾನು ಮರೆತೇಬಿಟ್ಟಿದ್ದೆ. ಸಾರು ಮೂಸಿದ್ದು ನೆನಪಿತ್ತು. ಅದಕ್ಕೆ ಅವಳು ಬಚ್ಚಲಿಗೆ ಹೋಗಿ ಅತ್ತದ್ದು ನನಗೇನು ಗೊತ್ತು.

ಗೊತ್ತಾದ ಮೇಲಾದರೂ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಮೌನಿಯಾಗಿ ಅವಳಿಗೆ ಒಳಗಿನ ಸಂದೇಶ ಕಳಿಸಿದೆ: ಅಕ್ಕಾ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಹೇಳಿಕೊಂಡು ಹಗುರಾಗಿ. ಅವಳು ಹೇಳಿಕೊಂಡಳು. ಕಟ್ಟೆ ಒಡೆದ ಹಾಗೆ ಹೇಳಿಕೊಂಡಳು. ಅವಳು ಹೇಳಿದ್ದಕ್ಕೆ ಉಪ್ಪು ಖಾರ ಹಚ್ಚಿ ಮಾರನೆಯ ದಿನ ಕಂತು ಮಾಡಿ ಹಾಕುತ್ತಿದ್ದೆ. ಓದುಗರು ನಲವತ್ತು ಸಾವಿರಕ್ಕೆ ಏರಿದ್ದು ಹೀಗೆ. ಎರಡು ಗಂಟೆಗೆ ನಾನು ಕೆಳಗೆ ಪಾತ್ರೆಯ ಪಕ್ಕ, ಅವಳು ಪಕ್ಕದ ಕೋಣೆಯಲ್ಲಿ ಚಾಪೆಯ ಮೇಲೆ, ಮುಖದ ಮೇಲೆ ಫೋನು. ಅವಳ ನಾಲಗೆಯ ಚ್ಚು ಚ್ಚು ಕೇಳಿ ಯಾವ ಸಾಲಿಗೆ ಬಂದಿದ್ದಾಳೆಂದು ಹೇಳಬಲ್ಲವಳಾಗಿದ್ದೆ. ಓದಿ ಮುಗಿಸಿ ಎದ್ದು ಬಂದು ನನ್ನನ್ನು ಕೊಂದುಹಾಕುವ ಹಾಗೆ ನೋಡುವಳು. ನನ್ನ ಕಥೆ ಓದಿ ಬಂದ ಸಿಟ್ಟನ್ನು ನನ್ನ ಮೇಲೇ ತೀರಿಸುವಳು. ನಾನು ಅದನ್ನೂ ಬರೆದುಕೊಳ್ಳುತ್ತಿದ್ದೆ.

ಆಗ ಅವಳಿಂದ ಒಂದು ದೊಡ್ಡ ಸಂದೇಶ ಬಂತು. ಬೇರೆ ಊರಿನ ದೊಡ್ಡ ಹಲ್ಲಿನ ಆಸ್ಪತ್ರೆಯವರು ತನ್ನ ಕೈಕೆಲಸ ನೋಡಿ ಕರೆದಿದ್ದಾರೆ, ಇರಲು ಒಂದು ಕೋಣೆಯನ್ನೂ ಕೊಡುತ್ತಾರೆ. ಗಂಡನಿಗೆ ಹೇಳಿದರೆ ನಿನ್ನಿಷ್ಟ ಎನ್ನುತ್ತಾನೆ. ಹೋಗಲು ಮನಸ್ಸಿದೆ, ಕಾಲು ಬರುತ್ತಿಲ್ಲ. ಎಂಟು ವರ್ಷ ಗುಡಿಸಿದ ಮನೆ, ಆ ಕಿಟಕಿ ಪಕ್ಕದ ಮೇಜು. ಕೊನೆಯಲ್ಲಿ ಹೀಗೆ ಬರೆದಿದ್ದಳು: ‘ನಿಮ್ಮ ಕಥೆಯ ಸೊಸೆ ಹೋಗ್ತಾಳಾ ಮೌನಿ? ಅವಳು ಹೊರಟ್ರೆ ನಾನೂ ಹೊರಡ್ತೀನಿ. ನಗಬೇಡಿ, ನನಗೆ ಕೇಳೋಕೆ ಬೇರೆ ಯಾರೂ ಇಲ್ಲ.’

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಎಂಟು ವರ್ಷ ನಾನು ಹಾರೈಸಿದ್ದು ಇದನ್ನೇ. ಅವಳು ಹೋದರೆ ಕಪಾಟು ನನ್ನದು, ಅಡುಗೆಮನೆ ನನ್ನದು, ಕಿಟಕಿ ಪಕ್ಕದ ಮೇಜು ನನ್ನದು. ತಳ್ಳುವ ಕೆಲಸವೂ ಇಲ್ಲ, ಒಂದು ಕಂತು ಬರೆದರೆ ಆಯಿತು. ನಾಡಿದ್ದು ಸೊಸೆಯ ತೀರ್ಮಾನ ಎಂದು ಅವತ್ತಿನ ಕಂತಿನ ಕೆಳಗೆ ಹಾಕಿದೆ. ಓದುಗರೆಲ್ಲ ಒಂದೇ ಬಾಯಲ್ಲಿ ಹೋಗಲಿ ಹೋಗಲಿ ಎಂದರು.

ಅದರ ಮಾರನೆಯ ದಿನ ಬೆಳಿಗ್ಗೆ ನಮ್ಮಿಬ್ಬರಿಗೆ ಜೋರು ಜಗಳವಾಯಿತು. ನಾನು ಹೊಳಪು ಕೊಡುವಾಗ ಒಂದು ಸೆಟ್ಟಿನ ಮುಂದಿನ ಹಲ್ಲು ಸೀಳಿತು. ಅವಳು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ಅಮ್ಮ ಕಲಿಸದಿದ್ದರೆ ಕೈಗೆ ನಾಜೂಕು ಎಲ್ಲಿಂದ ಬರಬೇಕು ಎಂದಳು, ಗೋಡೆಗಲ್ಲ, ನನಗೇ. ಅಮ್ಮನ ಹೆಸರು ಅವಳ ಬಾಯಲ್ಲಿ ಬಂದದ್ದೇ ನನಗೆ ತಲೆ ಕೆಟ್ಟಿತು. ಮಧ್ಯಾಹ್ನ ಡಬ್ಬಿ ಕುದಿಯಲಿಟ್ಟು ಹೆಬ್ಬೆರಳು ನೋಯುವ ತನಕ ಬರೆದೆ. ನನ್ನ ಅತ್ತಿಗೆ ಬಂದ ಇಪ್ಪತ್ತನೆಯ ದಿನ ನನ್ನ ಅಮ್ಮನ ಬಾಯಿಯನ್ನು ಕಪಾಟಿನಿಂದ ತೆಗೆದು ಗೋಣಿಗೆ ಹಾಕಿ ಬಿಸಾಕಿದಳು ಎಂದು ಬರೆದೆ. ಬಲಗಡೆಯ ಕೋರೆಹಲ್ಲು ಬರೆದೆ. ಪ್ಲಾಸ್ಟರು, ಮೇಣ, ಕಿಟಕಿ, ಗೋಡೆ, ಒಂದನ್ನೂ ಬಿಡಲಿಲ್ಲ. ಅವಳು ಯಾವತ್ತು ಈ ಮನೆ ಬಿಟ್ಟು ತೊಲಗುತ್ತಾಳೋ ಅವತ್ತು ನಾನು ಉಸಿರಾಡುತ್ತೇನೆ ಎಂದು ಮುಗಿಸಿದೆ. ಇದನ್ನು ತಿರುವಿ ಹಾಕಿ ಎರಡು ಗಂಟೆಗೆ ಕಂತು ಮಾಡುವುದಿತ್ತು.

ಅಷ್ಟರಲ್ಲಿ ಪಾತ್ರೆ ಚುಂಯ್ ಎಂದಿತು. ಸಿಟ್ಟಿನಲ್ಲಿ ಉರಿ ದೊಡ್ಡದಿಟ್ಟಿದ್ದೆ, ನೀರು ಆರಿ ಡಬ್ಬಿಯ ತಳ ಕಾಣುತ್ತಿತ್ತು. ಫೋನು ಎರಡು ಗಂಟೆ ತೋರಿಸುತ್ತಿತ್ತು. ಒಂದು ನಿಮಿಷ ತಡವಾದರೆ ನಲವತ್ತು ಸಾವಿರ ಜನ ಮೌನಿ ಸತ್ತಳೇ ಎಂದು ಕೇಳುತ್ತಾರೆ. ಇದ್ದದ್ದನ್ನು ಇದ್ದಹಾಗೆ ಅಂಟಿಸಿ, ಒತ್ತಿ, ಫೋನು ಎಸೆದು ಪಾತ್ರೆಗೆ ಓಡಿದೆ. ತಿದ್ದಿಲ್ಲ ಎಂಬುದು ನೆನಪಾದದ್ದು ಡಬ್ಬಿಯನ್ನು ಇಕ್ಕಳದಲ್ಲಿ ಎತ್ತಿ, ಕೈ ಸುಟ್ಟುಕೊಂಡು, ನಲ್ಲಿಯ ಕೆಳಗೆ ಹಿಡಿದಾಗ. ಆಗ ಎರಡೂಕಾಲು. ಒಂಬೈನೂರು ಜನ ಓದಿಯಾಗಿತ್ತು. ಇದು ಯಾವ ಹೊಸ ಪಾತ್ರ, ಬಂಗಲೆಯಲ್ಲಿ ಪ್ಲಾಸ್ಟರು ಎಲ್ಲಿಂದ ಬಂತು, ಬರೆಯುವವಳಿಗೆ ಜ್ವರವೇ ಎಂದು ಕೇಳುತ್ತಿದ್ದರು. ಅಳಿಸಿದೆ. ಪಕ್ಕದ ಕೋಣೆಗೆ ಕಿವಿ ಕೊಟ್ಟೆ. ಚ್ಚು ಚ್ಚು ಇರಲಿಲ್ಲ.

ಅವಳು ಎದ್ದು ಬಂದು ಬಾಗಿಲಲ್ಲಿ ನಿಂತಳು. ಬೈಯುವಳು ಎಂದುಕೊಂಡು ನಾನು ಮಾತು ಸಿದ್ಧ ಮಾಡಿಕೊಂಡೆ. ಅವಳ ದನಿ ಏರಲೇ ಇಲ್ಲ.

“ಮೌನಿ ಅಂತೆ,” ಎಂದಳು. “ಹೆಸರು ಚೆನ್ನಾಗಿ ಹುಡುಕಿದೀಯ.”

ನಾನು ಸುಟ್ಟ ಕೈಯನ್ನು ನೀರಿನಿಂದ ತೆಗೆಯಲಿಲ್ಲ.

“ಎಂಟು ವರ್ಷದಲ್ಲಿ ನನ್ನ ಮಾತು ಪೂರ್ತಿ ಕೇಳಿದವಳು ಅಂದ್ರೆ ಅವಳೊಬ್ಬಳೇ ಅಂದ್ಕೊಂಡಿದ್ದೆ. ಅಕ್ಕಾ ಅಕ್ಕಾ ಅಂತ ಕರೀತಿದ್ದಳು.”

“ನೀವು ನಮ್ಮಮ್ಮನ ಬಾಯಿ ಬಿಸಾಕಿದ್ರಿ,” ಎಂದೆ. ನನ್ನ ಹತ್ತಿರ ಇದ್ದದ್ದು ಅದೊಂದೇ ಕಲ್ಲು.

“ಬಿಸಾಕಿದೆ. ತಳ ತಿರುಗಿಸಿ ನೋಡಿದೆ, ಹೆಸರಿರಲಿಲ್ಲ. ಹೆಸರಿಲ್ಲದ್ದು ಇಡಬಾರದು ಅಂತ ನಿಮ್ಮಣ್ಣ ಅದರ ಹಿಂದಿನ ವಾರ ತಾನೇ ಹೇಳ್ಕೊಟ್ಟಿದ್ರು. ಅತ್ತೆ ಮುಖಾನೇ ನೋಡದವಳು ನಾನು, ಅವರ ಹಲ್ಲು ಹೇಗೆ ಗುರುತು ಹಿಡೀಲಿ? ನೀನು ಅತ್ತಾಗಲೇ ಗೊತ್ತಾಗಿದ್ದು. ಎರಡು ದಿನ ಬೀದಿ ಕೊನೆ ಕಸದ ಗುಂಡಿಗೆ ಇಳಿದು ಹುಡುಕಿದೆ. ಎಲ್ಲ ಒಡೆದು ಚೂರಾಗಿತ್ತು, ಯಾರ ಹಲ್ಲು ಯಾರದು ಅಂತ ತಿಳೀಲಿಲ್ಲ. ಹೇಳೋಣ ಅಂತ ಬಂದ್ರೆ ನೀನು ಬಾಗಿಲು ಹಾಕ್ಕೊಂಡೆ. ಆಮೇಲೆ ನನಗೂ ಹಟ ಬಂತು. ಆಗ ನನಗೆ ಇಪ್ಪತ್ತೆರಡು. ಈಗ ನಿನಗೆಷ್ಟು?”

ಈಗ ನನಗೆ ಇಪ್ಪತ್ತೆರಡು ಎಂದು ಅವಳಿಗೆ ಗೊತ್ತಿತ್ತು.

“ತಳದಲ್ಲಿ ಹೆಸರು ಬರೆಯೋ ಕೆಲಸ ಆಗ ಯಾರದಿತ್ತು?” ಎಂದು ಕೇಳಿದಳು. ಕುಟುಕಲು ಕೇಳಿದ್ದಲ್ಲ, ನಿಜಕ್ಕೂ ಅವಳಿಗೆ ಗೊತ್ತಿರಲಿಲ್ಲ.

ಆ ಕೆಲಸ ನನ್ನದು. ಅಕ್ಷರ ದುಂಡಗಿದೆ ಎಂದು ಹತ್ತು ವರ್ಷದವಳಿದ್ದಾಗಲೇ ಅಪ್ಪ ನನ್ನ ಕೈಗೆ ಪೆನ್ಸಿಲು ಕೊಟ್ಟಿದ್ದ. ಅಮ್ಮನ ಬಾಯಿ ಒಣಗಿದ ದಿನ ಅಣ್ಣ ಅದನ್ನು ನನ್ನ ಮುಂದೆ ಇಟ್ಟು ಬರೆ ಎಂದ. ಅಮ್ಮನ ಬಾಯಿಗೆ ಹೆಸರು ಯಾಕೆ, ನಮಗೆ ಗೊತ್ತಾಗಲ್ವಾ ಎಂದು ನಾನು ನಕ್ಕೆ. ಅಮ್ಮನೂ ಅಲ್ಲೇ ಇದ್ದಳು, ಅವಳೂ ನಕ್ಕಳು, ಕೋರೆಹಲ್ಲು ಕಾಣುವ ಹಾಗೆ. ಗೋಣಿ ಆಚೆ ಹೋದ ದಿನವೇ ಇದು ನನಗೆ ನೆನಪಾಗಿತ್ತು. ಎಂಟು ವರ್ಷ ಯಾರಿಗೂ ಹೇಳಲಿಲ್ಲ. ನಲವತ್ತು ಸಾವಿರ ಜನಕ್ಕೆ ಎಲ್ಲ ಹೇಳಿದವಳು ಇದೊಂದನ್ನು ಹೇಳಲಿಲ್ಲ. ಆಗಲೂ ಹೇಳಲಿಲ್ಲ. ನಲ್ಲಿ ಇನ್ನಷ್ಟು ತಿರುಗಿಸಿದೆ.

“ಹೋಗಲಿ ಬಿಡು,” ಎಂದಳು. “ನಾಳೆ ಕಂತಿನಲ್ಲಿ ಸೊಸೆ ಮನೆ ಬಿಟ್ಟು ಹೋಗ್ತಾಳಾ ಇಲ್ವಾ, ಅದನ್ನ ಹೇಳು.”

ಅವಳು ಕೇಳುತ್ತಿರುವುದು ಏನೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಇಲ್ಲ ಎಂಬ ಎರಡಕ್ಷರ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಕೈ ಉರಿಯುತ್ತಿತ್ತು, ಸಿಕ್ಕಿಬಿದ್ದ ಅವಮಾನ ಅದಕ್ಕಿಂತ ಹೆಚ್ಚು ಉರಿಯುತ್ತಿತ್ತು.

“ಹೋಗ್ತಾಳೆ,” ಎಂದೆ.

“ಸರಿ,” ಎಂದು ಅವಳು ಮೆಟ್ಟಿಲು ಹತ್ತಿದಳು. ಮೆಟ್ಟಿಲ ಮೇಲಿದ್ದ ನನ್ನ ಲೋಟವನ್ನು ಎತ್ತಿಕೊಂಡು ಹೋಗಿ ತೊಳೆದಿಟ್ಟ ಸದ್ದು ಕೇಳಿತು.

ಮಾರನೆಯ ದಿನ ಬೆಳಿಗ್ಗೆ ಅಣ್ಣ ನನ್ನ ಮುಖ ನೋಡದೆ ಒಂದು ಸೆಟ್ಟನ್ನು ಕೈಗಿಟ್ಟು, ಊರಾಚೆಯ ಡಾಕ್ಟರಿಗೆ ಕೊಟ್ಟು ಬಾ, ನನಗೆ ಬೇರೆ ಕೆಲಸವಿದೆ ಎಂದ. ಎರಡು ಬಸ್ಸು ಬದಲಾಯಿಸಿ ಹೋದೆ. ಡಾಕ್ಟರು ಒಳಗೆ ಯಾರದೋ ಹಲ್ಲು ಕೀಳುತ್ತಿದ್ದರು, ಕಾಯಬೇಕಾಯಿತು. ಕೆನ್ನೆ ಊದಿದವರ ಸಾಲಿನಲ್ಲಿ ಕೂತು ಫೋನು ತೆಗೆದೆ. ಮೊದಲ ಸಲ ಹಸಿ ಬರವಣಿಗೆ ಇಲ್ಲದೆ ನೇರವಾಗಿ ಬರೆದೆ. ಸೊಸೆ ಪೆಟ್ಟಿಗೆ ಹಿಡಿದು ಹೊಸ್ತಿಲಿಗೆ ಬರುತ್ತಾಳೆ. ನಾದಿನಿ ಅಡ್ಡ ನಿಲ್ಲುತ್ತಾಳೆ. ಆ ಫೋಟೋ ಒಲೆಗೆ ಬಿದ್ದದ್ದು ನನ್ನದೇ ತಪ್ಪು ಎನ್ನುತ್ತಾಳೆ. ಬೇಡ, ಹೋಗಬೇಡಿ ಎನ್ನುತ್ತಾಳೆ. ಅಷ್ಟೇ ಬರೆಯಲು ಎರಡು ಗಂಟೆ ಹಿಡಿಯಿತು. ಈ ಮಾತನ್ನು ಬಾಯಿಬಿಟ್ಟು ಹೇಳುವ ಯೋಗ್ಯತೆ ನನಗಿಲ್ಲ, ಎರಡು ಗಂಟೆಗೆ ಅವಳು ಓದಿಕೊಳ್ಳಲಿ ಎಂದುಕೊಂಡೆ.

ನನ್ನ ಪಕ್ಕ ಕಾಲೇಜಿನ ಹುಡುಗಿಯೊಬ್ಬಳು ಬಾಯಿಗೆ ಕರವಸ್ತ್ರ ಒತ್ತಿಕೊಂಡು ‘ಹೊಸ್ತಿಲ ಹಾವು’ ಓದುತ್ತಿದ್ದಳು. ಜೊತೆಯವಳಿಗೆ ಫೋನು ತೋರಿಸಿ, ಕರವಸ್ತ್ರದೊಳಗಿನಿಂದಲೇ, “ಇವತ್ತು ಅವಳು ಹೋಗ್ಲೇಬೇಕು ಕಣೆ, ಆ ಪಿಶಾಚಿ ಜೊತೆ ಯಾವಳಿರ್ತಾಳೆ,” ಎಂದಳು. ಪಿಶಾಚಿ ಸ್ವಲ್ಪ ಸರಿದು ಕೂತಳು.

ಮನೆ ಮುಟ್ಟಿದಾಗ ಒಂದೂವರೆ. ಅಂಗಡಿಯ ಬಾಗಿಲಿಗೆ ಹೊರಗಿನಿಂದ ಚಿಲಕ. ಒಳಗೆ ಕಿಟಕಿ ಪಕ್ಕದ ಮೇಜು ಒರೆಸಿ ಇಟ್ಟಿತ್ತು. ಮೇಣದ ಚಾಕುಗಳು ಉದ್ದದ ಪ್ರಕಾರ ಸಾಲಾಗಿದ್ದವು. ಮೇಲೆ ಅವಳ ಬಟ್ಟೆಯ ಗೂಟ ಖಾಲಿ, ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿತ್ತು. ಅಣ್ಣ ಬೆಳಿಗ್ಗೆ ಹೇಳಿದ ಬೇರೆ ಕೆಲಸ ಯಾವುದೆಂದು ಆಗ ತಿಳಿಯಿತು. ಅವಳಿಗೆ ಫೋನು ಮಾಡಿದೆ, ಸ್ವಿಚ್ ಆಫ್. ಆದರೂ ಎರಡು ಗಂಟೆಗೆ ಕಂತು ಹಾಕಿದೆ. ಬಸ್ಸಿನಲ್ಲಿ ಓದಿಯಾಳು ಎಂಬ ಆಸೆ. ಹೋಗಬೇಡಿ ಎಂದು ನಾದಿನಿ ಹೇಳಿದ್ದನ್ನು ನಲವತ್ತು ಸಾವಿರ ಜನ ಓದಿ ಛೀ ಥೂ ಎಂದು ಉಗಿದರು. ಹಾವಿಗೆ ಹಲ್ಲು ಉದುರಿತೇ ಎಂದರು. ಬರೆಯುವವಳು ಮಾರಿಕೊಂಡಳು ಎಂದರು. ಸಹನಾಮೂರ್ತಿಯ ಹೆಸರು ಹುಡುಕುತ್ತ ಕೆಳಕೆಳಗೆ ಹೋದೆ. ಹಳೆಯ ಕಂತುಗಳಲ್ಲಿ ಅವಳು ಬರೆದದ್ದೆಲ್ಲ ಇತ್ತು, ಹೆಸರಿದ್ದ ಜಾಗದಲ್ಲಿ ಮಾತ್ರ ‘ಈ ಓದುಗರು ಈಗ ಇಲ್ಲಿಲ್ಲ’ ಎಂದು ಕಾಣುತ್ತಿತ್ತು.

ಸಂಜೆ ಅಣ್ಣ ಬಂದು ಹೆಲ್ಮೆಟ್ ತೆಗೆಯದೆ ನಿಂತ. ಹನ್ನೊಂದರ ಬಸ್ಸಿಗೆ ಬಿಟ್ಟು ಬಂದೆ ಎಂದ. ತಾನೂ ತಿಂಗಳೊಳಗೆ ಅಲ್ಲಿಗೇ ಹೋಗುವುದಾಗಿಯೂ, ಅಂಗಡಿಯನ್ನು ನಾನೇ ನೋಡಿಕೊಳ್ಳಬೇಕೆಂದೂ ಹೇಳಿದ. “ನಿನಗೆ ಬೇಕಾಗಿದ್ದು ಅದೇ ತಾನೇ,” ಎಂದ. ಅಣ್ಣ ನನಗೆ ಹುಟ್ಟಿದಾರಭ್ಯ ಆಡಿದ ಗಟ್ಟಿ ಮಾತು ಅದೊಂದೇ.

ಕಪಾಟಿನ ಮೇಲಿನ ಸಾಲನ್ನು ನಾನು ನೋಡಿದ್ದು ಅವನು ಮೇಲೆ ಹೋದ ಮೇಲೆ. ಎಂಟು ವರ್ಷ ಆ ಸಾಲಿನಲ್ಲಿ ನಾವಿಬ್ಬರೂ ಏನೂ ಇಡುತ್ತಿರಲಿಲ್ಲ, ಮಾತಾಡಿಕೊಂಡು ಮಾಡಿದ್ದಲ್ಲ, ಹಾಗೇ ಖಾಲಿ ಇತ್ತು. ಈಗ ಅಲ್ಲೊಂದು ಬಾಯಿ ಇತ್ತು, ಮೇಲಿನ ದವಡೆ, ಕೆಳಗಿನ ದವಡೆ ಎರಡೂ. ಪ್ಲಾಸ್ಟರು ಇನ್ನೂ ತಣ್ಣಗೆ ಒದ್ದೆಯಾಗಿತ್ತು. ಅಚ್ಚಿನ ಪುಡಿ ಕಲಸಿ ತನ್ನ ಬಾಯಿಗೆ ತಾನೇ ಇಟ್ಟುಕೊಂಡು ಅಚ್ಚು ತೆಗೆದಿದ್ದಳು. ತಳ ತಿರುಗಿಸಿದೆ. ಹೆಸರಿನ ಜಾಗದಲ್ಲಿ ‘ಅತ್ತಿಗೆ’ ಎಂದಿತ್ತು. ಕೆಳಗೆ ತಾರೀಕು. ಡಾಕ್ಟರ ಹೆಸರು ಬರೆಯುವ ಜಾಗದಲ್ಲಿ ‘ಬಿಸಾಕಬಹುದು’ ಎಂದು ಬರೆದಿದ್ದಳು.

ಹೋಗುವಾಗಲೂ ಚುಚ್ಚದೆ ಹೋಗಲಿಲ್ಲವಲ್ಲ ಎಂದು ನನಗೆ ಮೊದಲು ಬಂದದ್ದು ಸಿಟ್ಟೇ. ಗೋಣಿ ತರಲು ಎರಡು ಹೆಜ್ಜೆ ಇಟ್ಟದ್ದೂ ನಿಜ. ಆಮೇಲೆ ಅಭ್ಯಾಸದಿಂದ ಅದನ್ನು ಕಿಟಕಿಯ ಬೆಳಕಿಗೆ ಹಿಡಿದೆ, ದಿನಕ್ಕೆ ಹತ್ತು ಬಾಯಿ ನೋಡುವವಳು ನಾನು. ದವಡೆಹಲ್ಲುಗಳ ಮೇಲಿನ ಏರುತಗ್ಗು ಒಂದೂ ಉಳಿದಿರಲಿಲ್ಲ. ನಾಲ್ಕೂ ಕಡೆ ಸವೆದು ಚಪ್ಪಟೆಯಾಗಿದ್ದವು, ಎಡಗಡೆಯ ಒಂದು ಅರ್ಧಕ್ಕೆ ಸೀಳಿತ್ತು. ಇಂಥ ಬಾಯಿ ನಮ್ಮ ಅಂಗಡಿಗೆ ಬರುತ್ತದೆ, ಅರವತ್ತು ದಾಟಿದವರದು. ಚಿಕ್ಕ ವಯಸ್ಸಿನವರದು ಹೀಗಿದ್ದರೆ ಅವರು ಹಗಲೂ ನಿದ್ದೆಯಲ್ಲೂ ಹಲ್ಲು ಕಚ್ಚಿ ಹಿಡಿದಿರುತ್ತಾರೆ, ವರ್ಷಗಟ್ಟಲೆ. ಅವಳಿಗೆ ಮೂವತ್ತು. ಎಂಟು ವರ್ಷ ಎದುರೆದುರು ಕೂತು ಸಾವಿರಾರು ಬಾಯಿ ನೋಡಿದ್ದೇನೆ, ಇದನ್ನು ನೋಡಿರಲಿಲ್ಲ. ಅವಳು ನನ್ನೆದುರು ಯಾವತ್ತೂ ಬಾಯಿಬಿಟ್ಟು ನಕ್ಕಿರಲಿಲ್ಲ.

ರಬ್ಬರು ತಂದು ‘ಬಿಸಾಕಬಹುದು’ ಎಂಬುದನ್ನು ಉಜ್ಜಿದೆ. ಪ್ಲಾಸ್ಟರು ಒದ್ದೆ ಇದ್ದಾಗ ಬರೆದದ್ದು, ಆಳಕ್ಕೆ ಇಳಿದಿತ್ತು, ಹೋಗಲಿಲ್ಲ. ಹಾಗೇ ಮೇಲಿನ ಸಾಲಿನಲ್ಲಿ ಇಟ್ಟೆ.